ಇನಾಮು ಯಾರ ಕೈ ಸೇರಿತು?

ಮೊನ್ನೆ ಭಾನುವಾರ ನಮ್ಮ ಬೀದಿಯ ರಾಯರ ಮನೆಯಲ್ಲಿ ಒಂದು ಹಳೆಯ ಚಲಚ್ಚಿತ್ರವನ್ನು ನೋಡುವ ಯೋಗ ಒದಗಿತು. ರಾಯರು ಖಜಾನೆ ಇಲಾಖೆಯಲ್ಲಿ 35 ವರ್ಷ ದುಡಿದು ನಿವೃತ್ತರಾದವರು. ಚಿತ್ರ ಹಚ್ಚಿದವನು ಅವರ ಮೊಮ್ಮಗ. ಇಟಲಿಯ ಸೆರ್ಜಿಯೋ ಲಿಯೋನೆ 1965ರಲ್ಲಿ ತೆಗೆದ 'ಫಾರ್ ಎ ಫ್ಯೂ ಡಾಲರ್ಸ್ ಮೋರ್' ಎಂಬ ಕುದುರೆ, ಧೂಳು, ಪಿಸ್ತೂಲುಗಳ ಕಥೆ ಅದು. ಕೊನೆಯಲ್ಲಿ ನಾಯಕರಲ್ಲೊಬ್ಬ ಸತ್ತ ಡಕಾಯಿತರನ್ನು ಒಬ್ಬೊಬ್ಬರನ್ನಾಗಿ ಗಾಡಿಗೆ ಹೇರುತ್ತ, ಒಬ್ಬೊಬ್ಬನ ತಲೆಗೆ ಇಷ್ಟಿಷ್ಟು ಡಾಲರ್ ಎಂದು ಕೂಡಿಸುತ್ತಾನೆ. ಲೆಕ್ಕ ಸರಿಹೊಂದುವುದಿಲ್ಲ. ಒಂದು ಹೆಣ ಕಡಿಮೆ! ಅಷ್ಟರಲ್ಲಿ ಸಾಯದೆ ಉಳಿದಿದ್ದವನೊಬ್ಬ ಬೆನ್ನ ಹಿಂದೆ ಎದ್ದು ನಿಲ್ಲುತ್ತಾನೆ, ಗುಂಡು ಹಾರುತ್ತದೆ, ಲೆಕ್ಕ ಸರಿಯಾಗುತ್ತದೆ. ಮೊಮ್ಮಗ ಚಪ್ಪಾಳೆ ತಟ್ಟಿದ. ರಾಯರು ಮಾತ್ರ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

"ಅಲ್ಲಯ್ಯಾ, ಇಷ್ಟು ಹೆಣಗಳಿಗೆ ಹಣ ಪಾವತಿ ಮಾಡುವವರು ಯಾರು? ಮಂಜೂರಾತಿ ಯಾರದು? ಹೆಣ ಇಂಥವನದೇ ಎಂದು ದೃಢೀಕರಿಸಿದವರು ಯಾರು? ಒಂದು ವೋಚರಿಲ್ಲ, ರಸೀದಿ ಇಲ್ಲ. ನಿಜವಾಗಿ ಹೀಗೆ ನಡೆಯುತ್ತಿತ್ತೇ?"

ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅಮೆರಿಕದ ಪಶ್ಚಿಮ ಸೀಮೆಯ ಚರಿತ್ರೆಯನ್ನು ಯಾವ ಕಡೆಯಿಂದ ಹೊಕ್ಕರೂ ಸಿಕ್ಕದ ಕೆಲವು ಸಂಗತಿಗಳು ಖಜಾನೆಯ ಬಾಗಿಲಿನಿಂದ ಹೊಕ್ಕರೆ ಸಿಕ್ಕುತ್ತವೆ.

ಮೊದಲು ಚಿತ್ರದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ತಲೆಯ ಮೇಲೆ ಇನಾಮಿರುವ ಡಕಾಯಿತರನ್ನು ಬೇಟೆಯಾಡಿ ಬದುಕುವವರು ಇಬ್ಬರು. ಒಬ್ಬ ಕಿರಿಯ, ಕ್ಲಿಂಟ್ ಈಸ್ಟ್‌ವುಡ್. ಅವನಿಗೆ ಬೇಕಾದದ್ದು ಹಣ. ಇನ್ನೊಬ್ಬ ಹಿರಿಯ, ಕರ್ನಲ್ ಮಾರ್ಟಿಮರ್. ಪಾತ್ರ ವಹಿಸಿದವನು ಲೀ ವ್ಯಾನ್ ಕ್ಲೀಫ್. ಇಬ್ಬರೂ ಬೆನ್ನಟ್ಟುವುದು ಇಂಡಿಯೋ ಎಂಬ ಒಬ್ಬನೇ ಪಾತಕಿಯನ್ನು. ಆ ಪಾತಕಿಯ ಬಳಿ ಹಾಡುವ ಗಡಿಯಾರವೊಂದಿದೆ. ಅಂಥದೇ ಇನ್ನೊಂದು ಕರ್ನಲನ ಬಳಿಯೂ ಇದೆ. ಗಡಿಯಾರದ ಮುಚ್ಚಳದೊಳಗಿನ ಚಿತ್ರ ಕರ್ನಲನ ತಂಗಿಯದೆಂದೂ, ಅವಳ ಸಾವಿಗೆ ಇಂಡಿಯೋನೇ ಕಾರಣನೆಂದೂ ನಮಗೆ ತಿಳಿಯುವುದು ಕೊನೆಗೆ. ಸೇಡು ತೀರಿದ ಮೇಲೆ ಕರ್ನಲ್ ಇನಾಮಿನಲ್ಲಿ ಒಂದು ಡಾಲರನ್ನೂ ಮುಟ್ಟದೆ ಕುದುರೆಯೇರಿ ಹೊರಟುಹೋಗುತ್ತಾನೆ. ಹಣವೆಲ್ಲ ಕಿರಿಯನದು.

ಚರಿತ್ರೆಯ ಬಗ್ಗೆ ಈ ಚಿತ್ರಕ್ಕೆ ಹೆಚ್ಚಿನ ಗೌರವವಿಲ್ಲ. ಆರಂಭದಲ್ಲಿಯೇ ಕರ್ನಲ್ ರೈಲನ್ನು ನಿಲ್ಲಿಸಿ ಟುಕುಮ್‌ಕಾರಿ ಎಂಬ ಊರಿನಲ್ಲಿ ಇಳಿಯುತ್ತಾನೆ. ಟುಕುಮ್‌ಕಾರಿ ಹುಟ್ಟಿದ್ದೇ 1901ರಲ್ಲಿ. ಕಥೆ ನಡೆಯುವುದು ಅದಕ್ಕೆ ಎಷ್ಟೋ ವರ್ಷ ಮೊದಲು! ಮರುಭೂಮಿಯೂ ಅಮೆರಿಕದ್ದಲ್ಲ, ದಕ್ಷಿಣ ಸ್ಪೇನಿನ ಆಲ್ಮೇರಿಯಾ ಪ್ರಾಂತದ್ದು. ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಪುರಾಣಕ್ಕೆ ಭೂಪಟ ಏಕೆ? ಆದರೆ ಒಂದು ವಿಷಯದಲ್ಲಿ ಈ ಪುರಾಣ ಬಹಳ ಜಾಣತನದ್ದು. ಇನಾಮು ಮತ್ತು ಸೇಡು ಎರಡನ್ನೂ ಅದು ಒಂದೇ ಬಂದೂಕಿನ ತುದಿಗೆ ತರುತ್ತದೆ. ಹಣಕ್ಕಾಗಿ ಕೊಲ್ಲುವವನನ್ನು ನಾವು ಮೆಚ್ಚಲಾರೆವು. ತಂಗಿಗಾಗಿ ಕೊಲ್ಲುವವನನ್ನು ಕ್ಷಮಿಸುತ್ತೇವೆ. ಇಬ್ಬರನ್ನೂ ಜೊತೆಯಲ್ಲಿ ನಡೆಸಿದರೆ ಒಬ್ಬನ ಪಾಪವನ್ನು ಇನ್ನೊಬ್ಬನ ದುಃಖ ತೊಳೆಯುತ್ತದೆ.

ಲಿಯೋನೆಗಿಂತ ಮೊದಲೇ ಹಾಲಿವುಡ್ಡಿನವರು ಈ ಕಷ್ಟವನ್ನು ಕಂಡಿದ್ದರು. 1953ರ 'ದಿ ನೇಕೆಡ್ ಸ್ಪರ್' ಚಿತ್ರದಲ್ಲಿ ಜೇಮ್ಸ್ ಸ್ಟೂವರ್ಟ್ 5,000 ಡಾಲರಿಗಾಗಿ ಒಬ್ಬನನ್ನು ಬೆನ್ನಟ್ಟಿ, ಅವನ ಹೆಣ ಕೈಗೆ ಸಿಕ್ಕಿದ ಮೇಲೆ, ಅದನ್ನು ಮಾರಲಾರದೆ ಅತ್ತು ಮಣ್ಣು ಮಾಡುತ್ತಾನೆ. 1959ರ 'ರೈಡ್ ಲೋನ್‌ಸಮ್' ಚಿತ್ರದಲ್ಲಿ ರ‍್ಯಾಂಡಾಲ್ಫ್ ಸ್ಕಾಟ್ ಒಬ್ಬ ಪುಂಡನನ್ನು ಸೆರೆಹಿಡಿದು ಸಾಗಿಸುತ್ತಿದ್ದರೆ, ಇನಾಮಿನ ಆಸೆಗೆಂದೇ ಎಲ್ಲರೂ ತಿಳಿಯುತ್ತಾರೆ. ಅವನಿಗೆ ಬೇಕಾದದ್ದು ಆ ಹುಡುಗನ ಅಣ್ಣ. ತನ್ನ ಹೆಂಡತಿಯನ್ನು ಮರಕ್ಕೆ ನೇಣು ಹಾಕಿದವನು. ಸೇಡು ತೀರಿದ ಮೇಲೆ ಸ್ಕಾಟ್ ಆ ಮರಕ್ಕೆ ಬೆಂಕಿ ಹಚ್ಚಿ ನೋಡುತ್ತ ನಿಲ್ಲುತ್ತಾನೆ. ಇನಾಮನ್ನು ಕೈಯಾರೆ ತೆಗೆದುಕೊಳ್ಳುವ ನಾಯಕ ಆ ತಲೆಮಾರಿನ ಚಿತ್ರಗಳಲ್ಲಿ ಅಪರೂಪ. ತೆಗೆದುಕೊಳ್ಳಲು ನಿಜವಾಗಿ ಏನಿತ್ತು ಎಂಬುದೇ ರಾಯರ ಪ್ರಶ್ನೆ.

ಆ ಸೀಮೆಯಲ್ಲಿ ಇನಾಮು ಸಾರುತ್ತಿದ್ದವರು ಒಬ್ಬರಲ್ಲ. ರಾಜ್ಯದ ಗವರ್ನರು, ಜಿಲ್ಲೆಯ ಆಡಳಿತ, ರೈಲು ಕಂಪನಿ, ಬ್ಯಾಂಕು, ಹಣದ ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸುತ್ತಿದ್ದ ಎಕ್ಸ್‌ಪ್ರೆಸ್ ಕಂಪನಿಗಳು, ಇವರೆಲ್ಲರೂ ತಮ್ಮ ತಮ್ಮ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದ್ದರು. ಗೋಡೆಗೆ ಅಂಟಿಸಿದ ಕಾಗದದ ಮೇಲೆ ಡಕಾಯಿತನ ಮುಖ, ಅದರ ಕೆಳಗೆ 'ಜೀವಂತವಾಗಿ ಅಥವಾ ಹೆಣವಾಗಿ' ಎಂಬ ದಪ್ಪ ಅಕ್ಷರ, ಇದು ಬಹುಮಟ್ಟಿಗೆ ಚಿತ್ರಗಳಿಂದ ನಮಗೆ ಬಂದ ನೆನಪು. ಅನೇಕ ಪ್ರಕಟಣೆಗಳಲ್ಲಿ ಚಿತ್ರವೇ ಇರುತ್ತಿರಲಿಲ್ಲ. ಎತ್ತರ, ಮೈಬಣ್ಣ, ಗಾಯದ ಗುರುತು, ಇಷ್ಟೇ. ಹಣಕ್ಕೆ ಷರತ್ತೂ ಇರುತ್ತಿತ್ತು: ಆಸಾಮಿಯನ್ನು ಹಿಡಿದು ಒಪ್ಪಿಸಬೇಕು, ಎಷ್ಟೋ ವೇಳೆ ಅವನಿಗೆ ಶಿಕ್ಷೆಯೂ ಆಗಬೇಕು. ಅಂದರೆ ಹಣ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು ಬರಬೇಕಾಗಿತ್ತು. ಲಿಯೋನೆಯ ಚಿತ್ರದಲ್ಲಿ ಷರೀಫನು ಮೇಜಿನ ಮೇಲೆ ನೋಟುಗಳನ್ನು ಎಣಿಸಿಬಿಡುತ್ತಾನಲ್ಲ, ಅಂಥ ಖಜಾನೆ ರಾಯರ ಕನಸಿನಲ್ಲಿಯೂ ಇರಲಾರದು.

ಹಿಡಿಯುತ್ತಿದ್ದವರೂ ಒಂಟಿ ಕುದುರೆಯ ಬೇಟೆಗಾರರು ಅಷ್ಟಾಗಿ ಅಲ್ಲ. ಷರೀಫ, ಅವನ ಕೈಕೆಳಗಿನವರು, ಕಂಪನಿಗಳ ಪತ್ತೇದಾರರು, ಇವರದೇ ಹೆಚ್ಚಿನ ಪಾಲು. ಕ್ಯಾಲಿಫೋರ್ನಿಯಾದ 'ಬ್ಲ್ಯಾಕ್ ಬಾರ್ಟ್' ಎಂಬುವನ ಕಥೆ ಕೇಳಿ. 1875ರಿಂದ 1883ರವರೆಗೆ ವೆಲ್ಸ್ ಫಾರ್ಗೋ ಕಂಪನಿಯ ಪೆಟ್ಟಿಗೆಗಳಿದ್ದ ಕುದುರೆಗಾಡಿಗಳನ್ನು 28 ಸಲ ತಡೆದು ದೋಚಿದವನು. ಒಂದು ಗುಂಡನ್ನೂ ಹಾರಿಸಲಿಲ್ಲ. ಕೊನೆಯ ದರೋಡೆಯಲ್ಲಿ ಕರವಸ್ತ್ರ ಬೀಳಿಸಿಹೋದ. ಅದರ ಮೂಲೆಯಲ್ಲಿ ಅಗಸನ ಗುರುತಿತ್ತು. ಪತ್ತೇದಾರರು ಸ್ಯಾನ್‌ಫ್ರಾನ್ಸಿಸ್ಕೋ ನಗರದ ಒಗೆಯುವ ಅಂಗಡಿಗಳನ್ನು ಒಂದೊಂದಾಗಿ ಅಲೆದು, ಗುರುತಿನ ಲೆಕ್ಕದ ಪುಸ್ತಕ ತೆಗೆಸಿ, ಗೃಹಸ್ಥನಂತೆ ಬದುಕುತ್ತಿದ್ದ ಒಬ್ಬ ಮುದುಕನನ್ನು ಹಿಡಿದರು. ಬೇಟೆಯೆಂದರೆ ಇದು! ಇದರಲ್ಲಿ ಧೂಳಿಲ್ಲ, ದ್ವಂದ್ವಯುದ್ಧವಿಲ್ಲ. ಚಿತ್ರ ತೆಗೆದರೆ ಯಾರೂ ನೋಡಲಿಕ್ಕಿಲ್ಲ.

ಜಾಮೀನಿನ ಬೇಟೆ ಇನ್ನೊಂದು ಬಗೆ. ಹಣ ಪಡೆದು ಆರೋಪಿಗಳಿಗೆ ಜಾಮೀನು ನಿಲ್ಲುವುದು ಅಮೆರಿಕದಲ್ಲಿ ಒಂದು ವ್ಯಾಪಾರ. ಆರೋಪಿ ಓಡಿಹೋದರೆ ಜಾಮೀನುದಾರನು ಅವನನ್ನು ಬೇರೆ ರಾಜ್ಯದವರೆಗೂ ಬೆನ್ನಟ್ಟಬಹುದು, ಬೇಕಾದರೆ ಅವನ ಮನೆಯ ಬಾಗಿಲು ಮುರಿದು ಒಳನುಗ್ಗಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟು 1872ರ 'ಟೇಲರ್ ವಿರುದ್ಧ ಟೇಂಟರ್' ಮೊಕದ್ದಮೆಯಲ್ಲಿ ಹೇಳಿತು. ಇನಾಮಿನ ಬೇಟೆಗಾರನೆಂಬ ವೃತ್ತಿ ಆ ದೇಶದಲ್ಲಿ ಇಂದಿಗೂ ಉಳಿದಿರುವುದು ಈ ಆಧಾರದ ಮೇಲೆಯೇ. ಆದರೆ ಅವನಿಗೆ ಬೇಕಾದದ್ದು ಹೆಣವಲ್ಲ. ನ್ಯಾಯಾಧೀಶರ ಮುಂದೆ ನಿಲ್ಲಬಲ್ಲ ಜೀವಂತ ಮನುಷ್ಯ.

ಹಾಗಾದರೆ ಹೆಣಕ್ಕೆ ಹಣ ಕೊಡುವ ಪದ್ಧತಿ ಇರಲೇ ಇಲ್ಲವೇ? ಇತ್ತು. ಚಿತ್ರಗಳು ಅದರ ಕಡೆ ಬಹುಕಾಲ ಮುಖ ತಿರುಗಿಸಿಯೇ ನಡೆದವು. ಮೆಕ್ಸಿಕೋ ದೇಶದ ಉತ್ತರದ ಪ್ರಾಂತಗಳಾದ ಸೊನೋರಾ ಮತ್ತು ಚಿವಾವಾ ಅಪಾಚೆ ಜನರ ದಾಳಿಗಳಿಂದ ಕಂಗೆಟ್ಟು, ಅವರ ನೆತ್ತಿಯ ಚರ್ಮಕ್ಕೆ ಬೆಲೆ ಗೊತ್ತುಮಾಡಿದವು. 1849ರಲ್ಲಿ ಚಿವಾವಾ ಸರ್ಕಾರ ಒಬ್ಬ ಅಪಾಚೆ ಯೋಧನ ನೆತ್ತಿಗೆ 200 ಪೆಸೋ ಕೊಡುವುದೆಂದು ಕಾನೂನನ್ನೇ ಮಾಡಿತು. ಜಾನ್ ಗ್ಲ್ಯಾಂಟನ್ ಎಂಬ ಅಮೆರಿಕದವನ ತಂಡ ಈ ಕಸುಬಿಗೆ ಇಳಿಯಿತು. ಇಲ್ಲಿ ರಸೀದಿಯೂ ಇತ್ತು, ಪಾವತಿಯೂ ಆಗುತ್ತಿತ್ತು. ಇರದಿದ್ದದ್ದು ರಾಯರು ಕೇಳಿದ ಮೂರನೆಯದು, ದೃಢೀಕರಣ. ಕೂದಲಿಗೆ ಹೆಸರಿಲ್ಲ. ಕಪ್ಪು ಕೂದಲಿನ ನೆತ್ತಿ ದಾಳಿಕಾರನದೋ, ಹೊಲ ಉಳುತ್ತಿದ್ದ ಸಾಧು ಬುಡಕಟ್ಟಿನವನದೋ, ಇನಾಮು ಕೊಡುತ್ತಿದ್ದ ಪ್ರಾಂತದ ಪ್ರಜೆಯದೇ ಆದ ಮೆಕ್ಸಿಕನನದೋ, ಗುಮಾಸ್ತನಿಗೆ ತಿಳಿಯುವ ಬಗೆ ಹೇಗೆ? ಗ್ಲ್ಯಾಂಟನನ ತಂಡ ಯಾರನ್ನು ಕೊಲ್ಲುತ್ತಿದೆ ಎಂಬುದು ಬಯಲಾದಾಗ, ಹಣ ಕೊಟ್ಟ ಸರ್ಕಾರವೇ ಅವರನ್ನು ಅಪರಾಧಿಗಳೆಂದು ಅಟ್ಟಿತು. 1850ರ ಏಪ್ರಿಲಿನಲ್ಲಿ ಕೊಲೊರಾಡೋ ನದಿಯ ಯೂಮಾ ಕಡವಿನ ಬಳಿ ಕ್ವೆಚಾನ್ ಜನರು ಗ್ಲ್ಯಾಂಟನನನ್ನು ಕೊಂದರು. ಕಡವಿನ ದೋಣಿಯ ವ್ಯಾಪಾರವನ್ನು ಬಲಾತ್ಕಾರದಿಂದ ಕಸಿದುಕೊಂಡು ಆ ಜನರನ್ನು ಕೆಣಕಿದ್ದವನು ಅವನೇ.

ಈಗ ಎಲ್ಲರಿಗೂ ಗೊತ್ತಿರುವ ಹೆಸರಿಗೆ ಬರೋಣ. ಜೆಸ್ಸಿ ಜೇಮ್ಸನ ತಲೆಗಿಂತ ಪ್ರಸಿದ್ಧವಾದ ಬೆಲೆ ಆ ಸೀಮೆಯಲ್ಲಿ ಇನ್ನೊಂದಿಲ್ಲ. ಸೇಡು ಮತ್ತು ಇನಾಮು ಎಷ್ಟು ಕೆಟ್ಟದಾಗಿ ಹೆಣೆದುಕೊಳ್ಳಬಲ್ಲವು ಎಂಬುದಕ್ಕೂ ಅವನದೇ ಉದಾಹರಣೆ.

ಜೆಸ್ಸಿ 1847ರಲ್ಲಿ ಮಿಸೂರಿ ರಾಜ್ಯದ ಕ್ಲೇ ಜಿಲ್ಲೆಯಲ್ಲಿ ಹುಟ್ಟಿದ. ಉತ್ತರ ದಕ್ಷಿಣಗಳ ಅಂತರ್ಯುದ್ಧದಲ್ಲಿ ಹದಿಹರೆಯದಲ್ಲಿಯೇ ದಕ್ಷಿಣದ ಪರವಾಗಿ ಕಾದುತ್ತಿದ್ದ ಗೆರಿಲ್ಲಾ ತಂಡ ಸೇರಿ, 'ರಕ್ತದ ಬಿಲ್' ಎಂದು ಹೆಸರಾಗಿದ್ದ ಆಂಡರ್ಸನ್ ಎಂಬ ನಾಯಕನ ಕೆಳಗೆ ಕೊಲೆಗಳನ್ನು ಕಲಿತ. ಆಂಡರ್ಸನ್ 1864ರಲ್ಲಿ ಹತನಾದ. ಕೊಂದ ಪಡೆಯ ಮುಂದಾಳು ಸ್ಯಾಮ್ಯುಯಲ್ ಕಾಕ್ಸ್. ಐದು ವರ್ಷಗಳ ಮೇಲೆ, 1869ರ ಡಿಸೆಂಬರಿನಲ್ಲಿ, ಗ್ಯಾಲಟಿನ್ ಊರಿನ ಬ್ಯಾಂಕಿಗೆ ನುಗ್ಗಿದ ಜೆಸ್ಸಿ ಅಲ್ಲಿನ ಕ್ಯಾಷಿಯರನನ್ನು ಗುಂಡಿಟ್ಟು ಕೊಂದ. ಅವನೇ ಕಾಕ್ಸ್ ಎಂದು ತಿಳಿದು! ಆದರೆ ಆತ ಕಾಕ್ಸ್ ಅಲ್ಲ. ಜಾನ್ ಷೀಟ್ಸ್ ಎಂಬ ಬೇರೊಬ್ಬ. ಸಿನಿಮಾದ ಸೇಡಿನಲ್ಲಿ ಗಡಿಯಾರದೊಳಗಿನ ಚಿತ್ರ ನೋಡಿ ಗುರುತು ಹಿಡಿಯುತ್ತಾರೆ. ಇಲ್ಲಿ ಗುರುತು ತಪ್ಪಿ, ಸಂಬಂಧವೇ ಇಲ್ಲದ ಒಬ್ಬ ಸಂಸಾರವಂದಿಗ ಮೇಜಿನ ಮೇಲೆ ಬಿದ್ದ. ಜೆಸ್ಸಿಯ ಹೆಸರು ಪತ್ರಿಕೆಗಳಲ್ಲಿ ಮೆರೆಯತೊಡಗಿದ್ದು ಈ ಕೊಲೆಯಿಂದಲೇ. ಹಿಂದೆ ದಕ್ಷಿಣದ ಸೈನ್ಯದಲ್ಲಿದ್ದ ಜಾನ್ ಎಡ್ವರ್ಡ್ಸ್ ಎಂಬ ಕ್ಯಾನ್ಸಾಸ್ ಸಿಟಿಯ ಸಂಪಾದಕ ಅವನನ್ನು ಸೋತ ಪಕ್ಷದ ವೀರನನ್ನಾಗಿ ಚಿತ್ರಿಸಿದ. ಪತ್ರಿಕೆಯವರು ಮನಸ್ಸು ಮಾಡಿದರೆ ಏನು ತಾನೆ ಆಗದು!

ದರೋಡೆ ಬ್ಯಾಂಕುಗಳಿಂದ ರೈಲುಗಳಿಗೆ ಹಬ್ಬಿತು. ಎಕ್ಸ್‌ಪ್ರೆಸ್ ಕಂಪನಿಯವರು ಪಿಂಕರ್ಟನ್ ಪತ್ತೇದಾರ ಸಂಸ್ಥೆಯನ್ನು ನೇಮಿಸಿದರು. 1874ರಲ್ಲಿ ಜೇಮ್ಸನ ಮನೆಯತ್ತ ಹೋದ ವಿಷರ್ ಎಂಬ ಪತ್ತೇದಾರ ಹೆಣವಾಗಿ ಸಿಕ್ಕಿದ. ಅಲ್ಲಿಂದ ಮುಂದೆ ಅಲನ್ ಪಿಂಕರ್ಟನ್ನನಿಗೆ ಅದು ಕಂಪನಿಯ ಕೆಲಸವಾಗಿ ಉಳಿಯಲಿಲ್ಲ, ಸ್ವಂತ ಹಗೆಯಾಯಿತು. 1875ರ ಜನವರಿಯ ಒಂದು ರಾತ್ರಿ ಅವನ ಕಡೆಯವರು ಆ ಮನೆಯನ್ನು ಸುತ್ತುವರಿದು ಕಿಟಕಿಯೊಳಗೆ ಬೆಂಕಿಯ ಗುಂಡೊಂದನ್ನು ಎಸೆದರು. ಜೆಸ್ಸಿಯಾಗಲಿ ಅವನ ಅಣ್ಣ ಫ್ರ್ಯಾಂಕನಾಗಲಿ ಒಳಗಿರಲಿಲ್ಲ. ಗುಂಡು ಒಲೆಯಲ್ಲಿ ಸಿಡಿದು, 8 ವರ್ಷದ ಮಲತಮ್ಮ ಆರ್ಚಿ ಸತ್ತ. ತಾಯಿ ಝೆರೆಲ್ಡಾಳ ಬಲಗೈ ಹೋಯಿತು.

ಇದರಿಂದಾದ ಪರಿಣಾಮ ನೋಡಿ. ಸಾರ್ವಜನಿಕರ ಅನುಕಂಪ ಡಕಾಯಿತರ ಕಡೆ ಹರಿಯಿತು. ಅವರಿಗೆ ಕ್ಷಮಾದಾನ ನೀಡಬೇಕೆಂಬ ಸೂಚನೆ ಮಿಸೂರಿಯ ಶಾಸನಸಭೆಗೇ ಬಂದು ಸ್ವಲ್ಪದರಲ್ಲಿ ಬಿದ್ದುಹೋಯಿತು. ಹಳೆಯ ದಕ್ಷಿಣಪಕ್ಷದವರು ಶಾಸನಸಭೆಯಲ್ಲಿ ಬಲಗೊಂಡು, ಗವರ್ನರು ಓಡಿಹೋದ ಅಪರಾಧಿಗಳ ಮೇಲೆ ಸಾರಬಹುದಾದ ಇನಾಮಿಗೆ ಮಿತಿ ಹಾಕಿದರು. ತಲೆಗೆ ದೊಡ್ಡ ಬೆಲೆ ಕಟ್ಟದಂತೆ ಶಾಸನವೇ ಅಡ್ಡ ನಿಂತಿತು. ಖಜಾನೆಯ ಬೀಗ ಡಕಾಯಿತನನ್ನು ಕಾಯುವುದೆಂದರೆ ಇದೇ ಅಲ್ಲವೇ?

1881ರಲ್ಲಿ ಗವರ್ನರಾದ ಥಾಮಸ್ ಕ್ರಿಟೆಂಡನ್ ಈ ಬೀಗಕ್ಕೆ ಬೇರೆ ಬೀಗದಕೈ ಹುಡುಕಿದ. ಆ ಜುಲೈಯಲ್ಲಿ ವಿನ್‌ಸ್ಟನ್ ಎಂಬಲ್ಲಿ ನಡೆದ ರೈಲು ದರೋಡೆಯಲ್ಲಿ ಗಾರ್ಡು ಹತನಾಗಿದ್ದ. ಗವರ್ನರು ರೈಲು ಮತ್ತು ಎಕ್ಸ್‌ಪ್ರೆಸ್ ಕಂಪನಿಗಳ ಅಧಿಕಾರಿಗಳನ್ನು ಕರೆಸಿ, ಹಣವನ್ನು ಅವರಿಂದ ಕೊಡಿಸುವ ಏರ್ಪಾಡು ಮಾಡಿಕೊಂಡು, ಪ್ರಕಟಣೆಗೆ ಮಾತ್ರ ರಾಜ್ಯದ ಮುದ್ರೆ ಒತ್ತಿದ. ಜೆಸ್ಸಿ, ಫ್ರ್ಯಾಂಕ್ ಇಬ್ಬರಲ್ಲಿ ಒಬ್ಬೊಬ್ಬನನ್ನು ಹಿಡಿದು ಒಪ್ಪಿಸಿದರೆ 5,000 ಡಾಲರ್. ಶಿಕ್ಷೆಯಾದರೆ ಮತ್ತೆ 5,000. ಹೆಣದ ಮಾತು ಪ್ರಕಟಣೆಯಲ್ಲಿ ಇರಲಿಲ್ಲ. ಹುಕುಂ ಸರ್ಕಾರದ್ದು, ಹಣ ಸಾಹುಕಾರರದು: ಯಾವ ಆಡಿಟರನೂ ಒಪ್ಪದ ಈ ಲೆಕ್ಕ ಹೊಣೆ ಯಾರದೆಂಬುದನ್ನು ಚೆನ್ನಾಗಿ ಮರೆಮಾಡಿತು.

ಇನಾಮು ಯಾವ ಬೇಟೆಗಾರನನ್ನೂ ಕಾಡಿಗೆ ಕಳಿಸಲಿಲ್ಲ. ಅದು ಕೆಲಸ ಮಾಡಿದ್ದು ಒಳಗಿನಿಂದ. ಜೆಸ್ಸಿಯ ಗುಂಪಿನಲ್ಲಿ ಆ ವೇಳೆಗೆ ಹಳಬರು ಯಾರೂ ಉಳಿದಿರಲಿಲ್ಲ. ಹೊಸದಾಗಿ ಸೇರಿದವರಲ್ಲಿ ಚಾರ್ಲಿ ಫೋರ್ಡ್, ಅವನ ತಮ್ಮ ಬಾಬ್ ಫೋರ್ಡ್ ಎಂಬ ಸೋದರರಿದ್ದರು. ಬಾಬನಿಗೆ ಸುಮಾರು 20 ವರ್ಷ. 1882ರ ಜನವರಿಯಲ್ಲಿ ಅವನು ಗುಟ್ಟಾಗಿ ಗವರ್ನರನನ್ನು ಕಂಡ. ಏಪ್ರಿಲ್ 3ರಂದು, ಸೇಂಟ್ ಜೋಸೆಫ್ ಊರಿನಲ್ಲಿ, ಥಾಮಸ್ ಹೋವರ್ಡ್ ಎಂಬ ಸುಳ್ಳು ಹೆಸರಿನಲ್ಲಿ ಹೆಂಡತಿ ಮಕ್ಕಳೊಡನೆ ವಾಸವಾಗಿದ್ದ ಜೆಸ್ಸಿ ಬೆಳಗಿನ ತಿಂಡಿ ಮುಗಿಸಿ ಎದ್ದ. ಅಂದು ಸೆಕೆ. ಕೋಟು ಬಿಚ್ಚಿದ, ದಾರಿಹೋಕರು ನೋಡಿಯಾರೆಂದು ಪಿಸ್ತೂಲುಗಳನ್ನೂ ಬಿಚ್ಚಿಟ್ಟ. ಗೋಡೆಯ ಚಿತ್ರಪಟದ ಧೂಳು ಒರೆಸಲೆಂದು ಕುರ್ಚಿ ಹತ್ತಿದ. ಮನೆಯಲ್ಲಿ ಉಂಡು ಮಲಗುತ್ತಿದ್ದ ಬಾಬ್ ಫೋರ್ಡ್ ಹಿಂದಿನಿಂದ ತಲೆಗೆ ಗುಂಡಿಟ್ಟ.

ಹೊಡೆದವನು ಓಡಲಿಲ್ಲ, ಗವರ್ನರಿಗೆ ತಂತಿ ಕಳಿಸಿದ. ಸೋದರರ ಮೇಲೆ ಕೊಲೆಯ ಆಪಾದನೆ ಬಂತು. ಇಬ್ಬರೂ ತಪ್ಪೊಪ್ಪಿಕೊಂಡರು, ನೇಣಿನ ಶಿಕ್ಷೆಯಾಯಿತು, ಅದೇ ದಿನ ಗವರ್ನರು ಕ್ಷಮಾದಾನ ಕೊಟ್ಟ. ಗಮನಿಸಬೇಕಾದ ಮಾತು ಇದು. ಸರ್ಕಾರ ಬಯಸಿದ ಕೆಲಸವನ್ನೇ ಅವರು ಮಾಡಿದ್ದರೂ, ಕಾನೂನಿಗೆ ಅದನ್ನು ಕೊಲೆ ಎನ್ನದೆ ಗತ್ಯಂತರವಿರಲಿಲ್ಲ. ನ್ಯಾಯಾಧೀಶರು ಕೊಲೆಗಾರರೆಂದು ಬರೆದರು. ಗವರ್ನರು ಅದರ ಮೇಲೆ ಗೀಟೆಳೆದ. ಕೊಲ್ಲುವಂತೆ ತಾನು ಹೇಳಿರಲಿಲ್ಲವೆಂದು ಕ್ರಿಟೆಂಡನ್ ಸಾಧಿಸುತ್ತಲೇ ಇದ್ದ. 1884ರಲ್ಲಿ ಅವನ ಪಕ್ಷ ಅವನನ್ನು ಮತ್ತೆ ಅಭ್ಯರ್ಥಿಯಾಗಿ ನಿಲ್ಲಿಸಲಿಲ್ಲ.

ಹಣವೆಷ್ಟು ಬಂತು? ಸಾರಿದ್ದರಲ್ಲಿ ಒಂದು ಸಣ್ಣ ಭಾಗ ಮಾತ್ರ ಫೋರ್ಡರ ಕೈ ಸೇರಿತೆಂದು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಹಿಡಿದು ಒಪ್ಪಿಸಿಲ್ಲ, ಶಿಕ್ಷೆ ಆಗಿಲ್ಲ. ಷರತ್ತಿನ ಅಕ್ಷರ ನೋಡಿದರೆ ಅಷ್ಟೂ ದಕ್ಕಬೇಕಾದದ್ದಲ್ಲ! ಹೊಟ್ಟೆಪಾಡಿಗಾಗಿ ಸೋದರರು ನಾಟಕ ಕಂಪನಿ ಸೇರಿ, ಊರೂರಲ್ಲಿ ರಂಗದ ಮೇಲೆ ಜೆಸ್ಸಿಯನ್ನು ಮತ್ತೆ ಮತ್ತೆ ಕೊಂದರು. ಬಾಬ್ ತಾನೇ ತನ್ನ ಪಾತ್ರ ವಹಿಸುತ್ತಿದ್ದ. ಟಿಕೆಟು ಕೊಂಡು ಬಂದ ಜನ ಕೂಗಿ ಹಳಿದು ಹೋಗುತ್ತಿದ್ದರು. ಬೀದಿಯ ಲಾವಣಿಗಾರರು ಅವನಿಗೆ ಹೇಡಿಯೆಂಬ ಹೆಸರನ್ನು ಶಾಶ್ವತವಾಗಿ ಅಂಟಿಸಿದರು. ಕ್ಷಯ ಹಿಡಿದಿದ್ದ ಚಾರ್ಲಿ 1884ರಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಬಾಬ್ ಕೊಲೊರಾಡೋದ ಕ್ರೀಡ್ ಎಂಬ ಬೆಳ್ಳಿಯ ಗಣಿಯೂರಿನಲ್ಲಿ ಸಾರಾಯಿ ಅಂಗಡಿ ಇಟ್ಟ. 1892ರ ಜೂನಿನ ಮೊದಲ ವಾರ ಊರಿಗೆ ಬೆಂಕಿ ಬಿದ್ದು ಅಂಗಡಿ ಸುಟ್ಟಿತು. ಡೇರೆ ಹಾಕಿ ಮತ್ತೆ ವ್ಯಾಪಾರ ತೆರೆದ. 8ನೆಯ ತಾರೀಖು ಎಡ್ವರ್ಡ್ ಓಕೆಲಿ ಎಂಬುವನು ಡೇರೆಯೊಳಗೆ ಬಂದು ಜೋಡುನಳಿಗೆಯ ಬಂದೂಕಿನಿಂದ ಅವನನ್ನು ಕೊಂದ. ಓಕೆಲಿಗೆ ಜನ್ಮಾವಧಿ ಶಿಕ್ಷೆಯಾಗಿ, 1902ರಲ್ಲಿ ಬಿಡುಗಡೆಯೂ ಆಗಿ, 1904ರಲ್ಲಿ ಒಕ್ಲಹೋಮಾ ಸಿಟಿಯಲ್ಲಿ ಪೊಲೀಸನೊಬ್ಬನ ಗುಂಡಿಗೆ ಸತ್ತ. ಇನಾಮಿನ ಬಾಕಿ ಹೀಗೆ ಕೈಯಿಂದ ಕೈಗೆ ಸಂದಾಯವಾಗುತ್ತ ಹೋಯಿತು.

ಅಣ್ಣ ಫ್ರ್ಯಾಂಕನ ಗತಿ ಬೇರೆ. ಸೇಡಿನ ಕಥೆಯಾಗಿದ್ದರೆ ಅವನು ಫೋರ್ಡನನ್ನು ಹುಡುಕಿಕೊಂಡು ಹೊರಡಬೇಕಿತ್ತು. 1940ರಲ್ಲಿ ಹಾಲಿವುಡ್ಡಿನವರು 'ದಿ ರಿಟರ್ನ್ ಆಫ್ ಫ್ರ್ಯಾಂಕ್ ಜೇಮ್ಸ್' ಎಂಬ ಚಿತ್ರದಲ್ಲಿ ಹಾಗೆಯೇ ಹೊರಡಿಸಿದರು. ನಿಜದ ಫ್ರ್ಯಾಂಕ್ 1882ರ ಅಕ್ಟೋಬರಿನಲ್ಲಿ ಗವರ್ನರನ ಕಚೇರಿಗೆ ನಡೆದುಹೋಗಿ ಪಿಸ್ತೂಲನ್ನು ಅವನ ಕೈಗೇ ಒಪ್ಪಿಸಿದ. ಮೊಕದ್ದಮೆಗಳಲ್ಲಿ ಬಿಡುಗಡೆಯಾಯಿತು. ಮುಂದೆ ಬೂಟು ಮಾರಿದ. ನಾಟಕಶಾಲೆಯ ಬಾಗಿಲಲ್ಲಿ ಟಿಕೆಟು ಹರಿದ. 1915ರಲ್ಲಿ ಹಾಸಿಗೆಯ ಮೇಲೆ ಮರಣ ಹೊಂದಿದ. ಈ ಮುದುಕನ ಬಗ್ಗೆ ನನಗೆ ಸ್ವಲ್ಪ ಮೆಚ್ಚುಗೆ ಎಂದರೆ ತಪ್ಪಾದೀತೋ ಏನೋ. ಕೈಯಲ್ಲಿ ಕೊಲೆಗಳಿದ್ದವನು. ಆದರೂ ತಮ್ಮನ ಸೇಡನ್ನು ತೀರಿಸದೆ ಬಿಟ್ಟವನು ಆ ಸಂಸಾರದಲ್ಲಿ ಇವನೊಬ್ಬ.

ನ್ಯೂ ಮೆಕ್ಸಿಕೋದ ಇನ್ನೊಂದು ಇನಾಮಿನ ಮಾತನ್ನೂ ಹೇಳಿಬಿಡಬೇಕು, ಅದರಲ್ಲಿ ಒಬ್ಬ ಸಾಹಿತಿ ಇದ್ದಾನೆಂಬ ಕಾರಣಕ್ಕೆ. ಬಿಲ್ಲಿ ದಿ ಕಿಡ್ ಎಂಬ ಯುವಕ ಪಾತಕಿಯ ಮೇಲೆ 500 ಡಾಲರ್ ಸಾರಿದ ಗವರ್ನರು ಲೂ ವಾಲೆಸ್. ರಥದ ಪಂದ್ಯದಿಂದ ಪ್ರಸಿದ್ಧವಾದ 'ಬೆನ್ ಹರ್' ಕಾದಂಬರಿಯ ಕರ್ತೃ. ಸಾಂತಾ ಫೆ ನಗರದ ಗವರ್ನರ ಭವನದಲ್ಲಿ ಕೂತು ಅವನು ಆ ಸೇಡಿನ ಕಥೆಯನ್ನು ಮುಗಿಸಿದ; 1880ರಲ್ಲಿ ಅದು ಅಚ್ಚಾಯಿತು. ಆ ವರ್ಷವೇ ಡಿಸೆಂಬರಿನಲ್ಲಿ ಇನಾಮಿನ ಪ್ರಕಟಣೆಯನ್ನೂ ಹೊರಡಿಸಿದ. ಷರೀಫ್ ಪ್ಯಾಟ್ ಗ್ಯಾರೆಟ್ 1881ರ ಜುಲೈ 14ರ ರಾತ್ರಿ ಫೋರ್ಟ್ ಸಮ್ನರಿನ ಒಂದು ಕತ್ತಲ ಕೋಣೆಯಲ್ಲಿ ಬಿಲ್ಲಿಯನ್ನು ಕೊಂದ. ಹಣ ಕೇಳಲು ಹೋದರೆ ಸಿಕ್ಕಲಿಲ್ಲ. ವಾಲೆಸ್ ಅಷ್ಟರಲ್ಲಿ ಅಧಿಕಾರ ಬಿಟ್ಟು ಹೊರಟಿದ್ದ. ಆ 500 ಡಾಲರಿಗಾಗಿ ಶಾಸನಸಭೆ 1882ರಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ರಾಯರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಕಂಡ ಸಂತೋಷ ಹೇಳತೀರದು. "ನೋಡಿದೆಯಾ! ಮಂಜೂರಾತಿ ಇಲ್ಲದೆ ಬಿಡುಗಡೆ ಇಲ್ಲ" ಎಂದರು.

ರಾಯರ ಮೊಮ್ಮಗನಿಗೆ ಈ ವಿವರಗಳು ರುಚಿಸಲಿಲ್ಲ. ಅವನ ವಾದ ಬೇರೆ: "ತಾತ, ನಮ್ಮ ರಾಮನಗರದ್ದೇ ಇದೆಯಲ್ಲ!" ಹುಡುಗ ಹೇಳಿದ್ದು 'ಷೋಲೆ' ಚಿತ್ರದ ಮಾತು. ಅದು ಸರಿಯೇ. ಲಿಯೋನೆಯ ಚಿತ್ರಗಳ ಪ್ರಭಾವ ಎದ್ದು ಕಾಣುವ ಆ ಹಿಂದಿ ಚಿತ್ರವನ್ನು ತೆಗೆದದ್ದು ಬೆಂಗಳೂರಿಗೆ ಹತ್ತಿರದ ರಾಮನಗರದ ಬಂಡೆಗಳ ನಡುವೆ. ಅದು ತೆರೆಗೆ ಬಂದದ್ದು 1975ರಲ್ಲಿ. ಡಕಾಯಿತ ಗಬ್ಬರನ ತಲೆಗೆ ಸರ್ಕಾರ 50,000 ರೂಪಾಯಿ ಬೆಲೆ ಕಟ್ಟಿದೆ. ಅವನಿಗೆ ಅದು ಜಂಬದ ವಿಷಯ. ಸೇಡು ಠಾಕೂರನದು, ಕೂಲಿ ಇಬ್ಬರು ಕಳ್ಳರದು. ಮೊದಲು ಚಿತ್ರೀಕರಿಸಿದ ಮುಕ್ತಾಯದಲ್ಲಿ ಠಾಕೂರ್ ಗಬ್ಬರನನ್ನು ಕಾಲಿನಿಂದ ತುಳಿದು ಕೊಲ್ಲುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ, ಸೆನ್ಸಾರಿನವರು ಒಪ್ಪಲಿಲ್ಲ. ಆಗ ತೆರೆಗೆ ಬಂದ ಪ್ರತಿಯಲ್ಲಿ ಕೊನೆಯ ಗಳಿಗೆಗೆ ಪೊಲೀಸರು ಬಂದು ಅವನನ್ನು ಕೊಂಡೊಯ್ಯುತ್ತಾರೆ. ಆ 50,000 ಯಾರಿಗೆ ಸಂದಿತೆಂದು ಮಾತ್ರ ಚಿತ್ರ ಹೇಳುವುದಿಲ್ಲ. ಬದುಕಿ ಉಳಿದ ವೀರೂ ಅರ್ಜಿ ಹಾಕಿದನೇ ಎಂದು ರಾಯರು ಕೇಳಿದ್ದಕ್ಕೆ ಹುಡುಗ ಎದ್ದು ಒಳಗೆ ಹೋದ.

ಆಮೇಲೆ ರಾಯರು ಕಾಫಿ ತರಿಸಿ, ಮತ್ತೆ ತಮ್ಮ ಮೊದಲಿನ ಪ್ರಶ್ನೆಗೇ ಬಂದರು. "ಜೆಸ್ಸಿಯ ತಲೆಯಿಂದ ನಾಲ್ಕು ಕಾಸು ನಿಯತ್ತಾಗಿ ಬಂದದ್ದು ಯಾರಿಗೂ ಇಲ್ಲವೇ?"

ಒಬ್ಬಳಿಗೆ ಬಂತು. ಜೆಸ್ಸಿಯ ತಾಯಿ ಝೆರೆಲ್ಡಾ ಮಗನನ್ನು ಸ್ಮಶಾನದಲ್ಲಿ ಹೂಳಲು ಬಿಡದೆ, ಕಿಟಕಿಯಿಂದ ಕಾಣುವಂತೆ ಮನೆಯ ಅಂಗಳದಲ್ಲಿಯೇ ಮಣ್ಣು ಮಾಡಿಸಿದಳು. ದ್ರೋಹಿಯೂ ಹೇಡಿಯೂ ಆದ ಒಬ್ಬನು ಕೊಂದನೆಂದೂ, ಅವನ ಹೆಸರು ಇಲ್ಲಿ ಬರೆಯಲು ಯೋಗ್ಯವಲ್ಲವೆಂದೂ ಗೋರಿಯ ಕಲ್ಲಿನ ಮೇಲೆ ಕೆತ್ತಿಸಿದಳು. 1902ರಲ್ಲಿ ಮೂಳೆಗಳನ್ನು ಕಿಯರ್ನಿ ಊರಿನ ಸ್ಮಶಾನಕ್ಕೆ ಸಾಗಿಸುವವರೆಗೆ ಗೋರಿ ಅಲ್ಲಿಯೇ ಇತ್ತು. ನೋಡಲು ಬಂದವರಿಂದ ಆ ಒಂಟಿಗೈಯ ಮುದುಕಿ 25 ಸೆಂಟು ತೆಗೆದುಕೊಳ್ಳುತ್ತಿದ್ದಳು. ಮಲಗಿದ್ದ ಮಗುವಿನ ಸಾವು, ತನ್ನ ಕೈ, ಬೆನ್ನಿಗೆ ಬಿದ್ದ ಗುಂಡು ಎಲ್ಲವನ್ನೂ ಅತ್ತು ಹೇಳುತ್ತಿದ್ದಳು. ಹೋಗುವಾಗ ನೆನಪಿಗೆಂದು ಗೋರಿಯ ಮೇಲಿನ ಬೆಣಚುಕಲ್ಲುಗಳನ್ನು ಮಾರುತ್ತಿದ್ದಳು. ಕಲ್ಲು ತೀರಿದಾಗ ಹತ್ತಿರದ ಹಳ್ಳದಿಂದ ಹೊಸವನ್ನು ತರಿಸಿ ಹರಡಿಸುತ್ತಿದ್ದಳಂತೆ.